ಹಳದಿ ದೀಪದ ಚರಿತ್ರೆ

ಕಾರುಳ್ಳವರೆಲ್ಲರೂ ಈ ದೀಪವನ್ನು ಬಲ್ಲರು. ವೇಗಮಾಪಕದ ಬದಿಯಲ್ಲಿ ಎಂಜಿನ್ನಿನ ಆಕಾರದ ಒಂದು ಪುಟ್ಟ ಚಿತ್ರ. ಕೀಲಿ ತಿರುಗಿಸಿದಾಗ ಒಮ್ಮೆ ಹಳದಿಯಾಗಿ ಬೆಳಗಿ, ಎಂಜಿನ್ ಶುರುವಾದೊಡನೆ ಆರಿಹೋಗುತ್ತದೆ. ಆರದೆ ಉಳಿದರೆ, ಅಥವಾ ದಾರಿಯ ನಡುವೆ ತಾನಾಗಿ ಹೊತ್ತಿಕೊಂಡರೆ, ಕಾರಿನ ಒಡೆಯನ ಎದೆಯಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ. ಕಾರು ಎಂದಿನಂತೆ ಓಡುತ್ತಿರುತ್ತದೆ, ಸದ್ದಿನಲ್ಲಿ ಬದಲಾವಣೆಯಿಲ್ಲ, ಆದರೂ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಇನ್ನೊಂದು ಕಾರಿನಲ್ಲಿ ಎಂಜಿನ್ನಿನೊಳಗಿನ ಬೇರಿಂಗ್ ಸವೆದು ಕಟಕಟ ಎನ್ನುತ್ತಿದ್ದರೂ ಅದೇ ದೀಪ ಮೌನವಾಗಿರುತ್ತದೆ. ಇದೆಂತಹ ನ್ಯಾಯ ಎಂದು ಹಲವರು ನನ್ನನ್ನು ಕೇಳಿದ್ದಾರೆ. ನಾನು ಮೆಕ್ಯಾನಿಕ್ ಅಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಆದರೆ ಈ ಪ್ರಶ್ನೆಗೆ ಉತ್ತರವಿರುವುದು ಯಂತ್ರಶಾಸ್ತ್ರದಲ್ಲಿ ಅಲ್ಲ, ಇತಿಹಾಸದಲ್ಲಿ. ಆ ದೀಪವನ್ನು ಕಾರಿನಲ್ಲಿ ಇರಿಸಿದ್ದು ಕಾರಿನ ಒಡೆಯನಿಗೋಸ್ಕರ ಅಲ್ಲ. ಅವನ ಹಿಂದೆ ಬರುವವರು ಉಸಿರಾಡುವ ಗಾಳಿಗೋಸ್ಕರ.

ಮೊದಲಿಗೆ ಇದಕ್ಕಿಂತ ಹಿರಿಯ ದೀಪಗಳ ವಿಷಯವನ್ನು ಹೇಳಿಬಿಡುತ್ತೇನೆ. ಮೋಟಾರಿನ ಆರಂಭದ ದಿನಗಳಲ್ಲಿ ದೀಪಗಳಿರಲಿಲ್ಲ, ಮುಳ್ಳಿನ ಮಾಪಕಗಳಿದ್ದವು. ಎಣ್ಣೆಯ ಒತ್ತಡಕ್ಕೊಂದು, ನೀರಿನ ಉಷ್ಣತೆಗೊಂದು, ವಿದ್ಯುತ್ ಪ್ರವಾಹಕ್ಕೊಂದು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿಯವರು ಮಾಪಕಗಳ ಬದಲು ಕೆಂಪು ದೀಪಗಳನ್ನು ಅಳವಡಿಸಿದರು. ಮಾಪಕಗಳಿಗೆ ಒಗ್ಗಿಕೊಂಡಿದ್ದ ಚಾಲಕರು ಇವುಗಳಿಗೆ ತಿರಸ್ಕಾರದಿಂದ ಇಟ್ಟ ಇಂಗ್ಲಿಷ್ ಹೆಸರನ್ನು ಕನ್ನಡಿಸಿದರೆ ‘ಪೆದ್ದರ ದೀಪ’ ಎಂದಾಗುತ್ತದೆ. ನನಗೆ ಆ ತಿರಸ್ಕಾರ ಸರಿಯೆನಿಸುವುದಿಲ್ಲ, ಏಕೆಂದರೆ ಆ ದೀಪಗಳ ಜಾಣ್ಮೆ ದೊಡ್ಡದು. ಬ್ಯಾಟರಿಯ ಕೆಂಪು ದೀಪವನ್ನೇ ನೋಡಿ. ಅದರ ಒಂದು ತುದಿ ಬ್ಯಾಟರಿಗೂ ಇನ್ನೊಂದು ತುದಿ ಡೈನಮೊಗೂ ಸೇರಿರುತ್ತದೆ. ಎಂಜಿನ್ ನಿಂತಿದ್ದಾಗ ಒಂದು ಕಡೆ 12 ವೋಲ್ಟ್, ಇನ್ನೊಂದು ಕಡೆ ಸೊನ್ನೆ; ಪ್ರವಾಹ ಹರಿದು ದೀಪ ಉರಿಯುತ್ತದೆ. ಎಂಜಿನ್ ಓಡತೊಡಗಿದಾಗ ಎರಡೂ ತುದಿಗಳಲ್ಲಿ ವೋಲ್ಟೇಜು ಸಮವಾಗಿ ಪ್ರವಾಹ ನಿಂತು ದೀಪ ಆರುತ್ತದೆ. ಎರಡು ಕೆರೆಗಳ ನೀರು ಒಂದೇ ಮಟ್ಟದಲ್ಲಿದ್ದರೆ ನಡುವಣ ಕಾಲುವೆಯಲ್ಲಿ ನೀರು ಹರಿಯದು ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದೇ ತತ್ತ್ವ.

ಈ ಕೆಂಪು ದೀಪಗಳು ಕಾರಿನ ಒಡೆಯನ ಹಿತಚಿಂತಕರು. ಎಣ್ಣೆಯ ದೀಪ ಹೊತ್ತಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು. ಇನ್ನೂ ಎರಡು ಕಿಲೋಮೀಟರು ಹೋಗಿ ನೋಡೋಣ ಎಂದರೆ ಎಂಜಿನ್ ಉಳಿಯಲಾರದು. ಹಳದಿ ದೀಪದ ವಂಶವೇ ಬೇರೆ. ಅದರ ಮೂಲವನ್ನು ಅರಿಯಲು ನಾವು 1943ರ ಲಾಸ್ ಏಂಜಲೀಸ್ ನಗರಕ್ಕೆ ಹೋಗಬೇಕು.

ಆ ವರ್ಷದ ಜುಲೈ 26ರಂದು ನಗರದ ಮೇಲೆ ಕಂದು ಬಣ್ಣದ ಮಬ್ಬು ಇಳಿಯಿತು. ಮೂರು ಬೀದಿಗಳಾಚೆ ಏನೂ ಕಾಣದಾಯಿತು. ಜನರ ಕಣ್ಣು ಉರಿಯಿತು, ಗಂಟಲು ಕೆರೆಯಿತು. ಎರಡನೆಯ ಮಹಾಯುದ್ಧದ ಕಾಲ; ಜಪಾನೀಯರು ವಿಷಾನಿಲ ಬಿಟ್ಟಿದ್ದಾರೆಂದು ಕೆಲವರು ಗಾಬರಿಗೊಂಡರು. ಬಳಿಕ ಸಂಶಯವು ಅಲಿಸೊ ಬೀದಿಯಲ್ಲಿ ಕೃತಕ ರಬ್ಬರಿಗೆ ಬೇಕಾದ ಬ್ಯುಟಡೈಯೀನ್ ತಯಾರಿಸುತ್ತಿದ್ದ ಕಾರ್ಖಾನೆಯ ಮೇಲೆ ಹೊರಳಿತು. ಅದನ್ನು ಕೆಲಕಾಲ ನಿಲ್ಲಿಸಿ ನೋಡಿದರೂ ಮಬ್ಬು ಹೋಗಲಿಲ್ಲ.

ನಿಜವಾದ ಅಪರಾಧಿಯನ್ನು ಹಿಡಿದವರು ಆರಿ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು. ಹಾಲೆಂಡಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರ ಮೂಲ ಸಂಶೋಧನೆ ಅನಾನಸ್ ಹಣ್ಣಿನ ಪರಿಮಳ ಯಾವ ರಾಸಾಯನಿಕಗಳಿಂದ ಬರುತ್ತದೆ ಎಂಬುದರ ಬಗ್ಗೆ! ಹಣ್ಣಿನ ವಾಸನೆಯನ್ನು ಹಿಡಿದು ತಣಿಸಿ ವಿಶ್ಲೇಷಿಸುವ ವಿಧಾನವನ್ನೇ ಅವರು ನಗರದ ಗಾಳಿಗೂ ಪ್ರಯೋಗಿಸಿದರು. ಅರ್ಧಂಬರ್ಧ ಉರಿದ ಪೆಟ್ರೋಲಿನ ಹೈಡ್ರೋಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿದಾಗ ಓಜೋನ್ ಹುಟ್ಟುತ್ತದೆ, ಕಣ್ಣುರಿಗೆ ಮೂಲ ಇದೇ ಸಂಯೋಗ ಎಂದು 1952ರಲ್ಲಿ ಪ್ರಕಟವಾದ ಅವರ ಪ್ರಬಂಧ ತೋರಿಸಿತು. ಬಾಗಿಸಿದ ರಬ್ಬರು ಪಟ್ಟಿಯನ್ನು ಗಾಳಿಗಿಟ್ಟು, ಅದು ಬಿರುಕು ಬಿಡುವ ವೇಗದಿಂದ ಓಜೋನನ್ನು ಅಳೆಯುವ ಸರಳ ಪರೀಕ್ಷೆಯನ್ನೂ ಅವರು ಬಳಸಿದರು. ಹೀಗೆ ಅಪರಾಧಿಯು ಯಾವುದೋ ಒಂದು ಕಾರ್ಖಾನೆಯಲ್ಲ, ಬಹುಪಾಲು ಪ್ರತಿಯೊಬ್ಬರ ಮನೆಯ ಮುಂದೆ ನಿಂತಿದ್ದ ಕಾರು ಎಂದಾಯಿತು. ತೈಲೋದ್ಯಮಕ್ಕೂ ಮೋಟಾರು ಉದ್ಯಮಕ್ಕೂ ಇದು ರುಚಿಸಲಿಲ್ಲ. ಜನರಿಗೂ ರುಚಿಸಿರಲಾರದು, ತಪ್ಪು ಪಕ್ಕದ ಬೀದಿಯದಾಗಿದ್ದರೆ ನಮಗೆಲ್ಲ ಎಷ್ಟು ಅನುಕೂಲ!

1967ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ವಾಯು ಸಂಪನ್ಮೂಲ ಮಂಡಳಿಯನ್ನು ಸ್ಥಾಪಿಸಿತು. ಅದರ ಮೊದಲ ಅಧ್ಯಕ್ಷರು ಅದೇ ಹಾಗೆನ್-ಸ್ಮಿಟ್. 1970ರ ಶುದ್ಧ ವಾಯು ಕಾಯಿದೆಯು ಕಾರುಗಳ ಹೊಗೆಯಲ್ಲಿನ ವಿಷಾನಿಲಗಳನ್ನು ಶೇಕಡ 90ರಷ್ಟು ತಗ್ಗಿಸಬೇಕೆಂದು ವಿಧಿಸಿತು. 1975ರ ಮಾದರಿಯ ಅಮೆರಿಕದ ಕಾರುಗಳಲ್ಲಿ ಹೊಗೆಕೊಳವೆಯ ನಡುವೆ ವೇಗವರ್ಧಕ ಪೆಟ್ಟಿಗೆ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಬಂದಿತು. ಸೀಸವು ಆ ಪೆಟ್ಟಿಗೆಯನ್ನು ಹಾಳುಮಾಡುತ್ತದೆಂಬ ಕಾರಣದಿಂದ ಸೀಸರಹಿತ ಪೆಟ್ರೋಲೂ ಬಂದಿತು.

ಕ್ರೀಡಾ ಕಾರುಗಳ ಪಾಲಿಗೆ ಇವು ಕಷ್ಟದ ವರ್ಷಗಳು. ನಾನು ಮುಂದೆ ಹೇಳಲಿರುವ ಷೆವರ್ಲೆ ಕಾರ್ವೆಟ್ ಅಮೆರಿಕನ್ನರ ಪ್ರಸಿದ್ಧ ಕ್ರೀಡಾ ಕಾರು, 1953ರಿಂದ ತಯಾರಾಗುತ್ತಿದೆ. 1975ರ ಹೊತ್ತಿಗೆ ಅದರ ಸಾಮಾನ್ಯ ಎಂಜಿನ್ನಿನ ಬಲ 165 ಅಶ್ವಶಕ್ತಿಗೆ ಕುಸಿದಿತ್ತು. 1980ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮಾರಾಟವಾದ ಕಾರ್ವೆಟ್‌ಗಳಿಗೆ ಬೇರೆ ರಾಜ್ಯಗಳಲ್ಲಿದ್ದ 5.7 ಲೀಟರಿನ ಎಂಜಿನ್ನಿನ ಬದಲು 5 ಲೀಟರಿನ ಚಿಕ್ಕ ಎಂಜಿನ್ನನ್ನು ಇಡಲಾಯಿತು, ಜೊತೆಗೆ ಒಂದು ಪುಟ್ಟ ಗಣಕವನ್ನೂ ಇಡಲಾಯಿತು. ಕಾನೂನು ಒಂದು ಕಾರಿನ ಹೃದಯವನ್ನೇ ಬದಲಿಸಿದ ಪ್ರಸಂಗವಿದು. ಕಾರು ಪ್ರಿಯರು ಆಗ ಈ ಗಣಕವನ್ನು ಶಪಿಸಿದರು. ಆದರೆ 1985ರಲ್ಲಿ ಅದೇ ಗಣಕ, ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾಗಿ ಪೆಟ್ರೋಲು ಸಿಂಪಡಿಸುವ ವ್ಯವಸ್ಥೆಯೊಂದಿಗೆ ಸೇರಿ, ಕಾರ್ವೆಟ್‌ನ ಬಲವನ್ನು 230 ಅಶ್ವಶಕ್ತಿಗೆ ಏರಿಸಿತು. ಹೊಗೆಯೂ ಕಡಿಮೆ, ಬಲವೂ ಹೆಚ್ಚು.

ಇದು ಸಾಧ್ಯವಾದದ್ದು ಒಂದು ಬೆರಳುದ್ದದ ವಸ್ತುವಿನಿಂದ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾಳಿ ಹೆಚ್ಚಾದರೆ ಸಾರಜನಕದ ಆಕ್ಸೈಡುಗಳು ಪೆಟ್ಟಿಗೆಯಲ್ಲಿ ಶುದ್ಧಿಯಾಗದೆ ಹೊರಬೀಳುತ್ತವೆ. ಪೆಟ್ರೋಲು ಹೆಚ್ಚಾದರೆ ಇಂಗಾಲದ ಮಾನಾಕ್ಸೈಡೂ ಹೈಡ್ರೋಕಾರ್ಬನ್ನುಗಳೂ ಉಳಿಯುತ್ತವೆ. ಮೂರನ್ನೂ ಒಟ್ಟಿಗೆ ಶುದ್ಧಿ ಮಾಡಲು ಮಿಶ್ರಣವು ಆ ಪ್ರಮಾಣದ ಆಸುಪಾಸಿನಲ್ಲೇ ಕದಲದೆ ಇರಬೇಕು. ಕಾರ್ಬ್ಯುರೇಟರಿಗೆ ಅಷ್ಟು ನಿಖರತೆ ಅಸಾಧ್ಯ. ಜರ್ಮನಿಯ ಬಾಷ್ ಕಂಪನಿ ತಯಾರಿಸಿ, 1976ರಲ್ಲಿ ವೋಲ್ವೊ ಕಂಪನಿಯು ಕ್ಯಾಲಿಫೋರ್ನಿಯಕ್ಕೆ ಕಳುಹಿಸುವ ತನ್ನ 240 ಮಾದರಿಯ ಕಾರುಗಳಲ್ಲಿ ಅಳವಡಿಸಿದ ಲ್ಯಾಂಬ್ಡಾ ಸೆನ್ಸರ್ ಇದಕ್ಕೆ ಪರಿಹಾರವಾಯಿತು. (ಬೆಂಗಳೂರಿನವರು ಮೈಕೊ ಎಂದು ಕರೆಯುತ್ತಿದ್ದ, 1951ರಲ್ಲಿ ಸ್ಥಾಪನೆಯಾದ ಕಾರ್ಖಾನೆಯೂ ಇದೇ ಬಾಷ್ ಬಳಗದ್ದೇ. 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು. ಮೈಕೊ ಪ್ಲಗ್ಗನ್ನು ಬೆಂಕಿಕಡ್ಡಿ ಪೆಟ್ಟಿಗೆಯ ಮದ್ದಿನ ಬದಿಗೆ ಉಜ್ಜಿ ಶುಚಿ ಮಾಡಿದ ಸ್ಕೂಟರ್ ಸವಾರರು ನನ್ನ ಬಂಧುಗಳಲ್ಲಿ ಅನೇಕರಿದ್ದಾರೆ.) ಹೊಗೆಕೊಳವೆಯೊಳಗೆ ಕುಳಿತ ಈ ಜಿರ್ಕೋನಿಯದ ಸೆನ್ಸರು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಯದರೊಂದಿಗೆ ಹೋಲಿಸಿ ವೋಲ್ಟೇಜು ಕೊಡುತ್ತದೆ. ಆಮ್ಲಜನಕ ಹೆಚ್ಚಿದ್ದರೆ ಸುಮಾರು 0.1 ವೋಲ್ಟ್, ಕಡಿಮೆಯಿದ್ದರೆ 0.9 ವೋಲ್ಟ್. ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವ ತನಕ ಅದು ಬಾಯಿ ಬಿಡುವುದಿಲ್ಲ. ಅದರ ಮಾತನ್ನು ಕೇಳಿ ಗಣಕವು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತಿರುತ್ತದೆ.

ಈ ಸೆನ್ಸರು ಕೆಟ್ಟರೆ? ಕಾರು ಓಡುತ್ತಲೇ ಇರುತ್ತದೆ, ಆದರೆ ಊರಿನ ಗಾಳಿ ಕೆಡುತ್ತದೆ, ಒಡೆಯನಿಗೆ ತಿಳಿಯುವುದೇ ಇಲ್ಲ. ಅದಕ್ಕಾಗಿ ಬಂದದ್ದು ಹಳದಿ ದೀಪ. ಜನರಲ್ ಮೋಟಾರ್ಸ್ ಕಂಪನಿಯು 1981ರಲ್ಲಿ ಅಮೆರಿಕದಲ್ಲಿ ಮಾರುವ ತನ್ನೆಲ್ಲ ಪೆಟ್ರೋಲು ಕಾರುಗಳಿಗೂ ಗಣಕವನ್ನು ಅಳವಡಿಸಿ, ‘ಎಂಜಿನ್ ಪರೀಕ್ಷಿಸಿ’ ಎಂಬರ್ಥದ ದೀಪವನ್ನು ಮುಂದಿಟ್ಟಿತು. ಆ ದೀಪಕ್ಕೆ ಒಂದು ಗುಟ್ಟಿನ ಭಾಷೆಯೂ ಇತ್ತು. ಆ ಭಾಷೆಯನ್ನು ನಾನು ಕಣ್ಣಾರೆ ಓದಿದ್ದೇನೆ.

2014ರಲ್ಲಿ ನಾವಿಬ್ಬರೂ ಮಗಳ ಮನೆಗೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿದ್ದಾಗ ಅಳಿಯಂದಿರ ಬಳಿ 1986ರ ಒಂದು ಕಾರ್ವೆಟ್ ಇತ್ತು. ಹಳೆಯದನ್ನು ಕೊಂಡು, ರಜಾದಿನಗಳಲ್ಲಿ ತಾವೇ ತಿದ್ದಿ ತೀಡಿ ನಿಲ್ಲಿಸಿದ್ದರು. ಆ ರಾಜ್ಯದಲ್ಲಿ 1976ರಿಂದೀಚಿನ ಪೆಟ್ರೋಲು ಕಾರುಗಳು ಎರಡು ವರ್ಷಕ್ಕೊಮ್ಮೆ ಹೊಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಇಲ್ಲವಾದರೆ ನೋಂದಣಿ ನವೀಕರಣವಾಗದು. ಪರೀಕ್ಷೆಗೆ ಮೂರು ವಾರವಿದ್ದಾಗ ಹಳದಿ ದೀಪ ಹೊತ್ತಿತು. ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿಯವರು ಸೆನ್ಸರು, ಗಾಳಿ ಅಳೆಯುವ ಮೀಟರು, ಕಡೆಗೆ ಗಣಕವನ್ನೂ ಬದಲಿಸಬೇಕೆಂದು ಪಟ್ಟಿ ಬರೆದುಕೊಟ್ಟರು. ಮೊತ್ತ ಕಾರಿಗೆ ಕೊಟ್ಟ ಬೆಲೆಯ ಅರ್ಧವನ್ನು ದಾಟಿತ್ತು.

“ಮಾವ, ಇದನ್ನ ಮಾರಿಬಿಡೋದೇ ವಾಸಿ ಅನ್ಸುತ್ತೆ,” ಎಂದರು ಅಳಿಯಂದಿರು. ಮಗಳು ಏನೂ ಹೇಳಲಿಲ್ಲ. ಆದರೆ ಆ ಕಾರಿನ ಮೇಲೆ ಅವರಿಟ್ಟಿದ್ದ ಆಸೆ ಅವಳಿಗೆ ಗೊತ್ತಿತ್ತು.

“ಮಾರೋದು ಇದ್ದೇ ಇದೆ. ಅದಕ್ಕೆ ಮೊದಲು ಅದು ಏನು ಹೇಳ್ತಾ ಇದೆ ಅಂತ ಒಂದು ಸಲ ಕೇಳಿ ನೋಡೋಣ ಬನ್ನಿ,” ಎಂದೆ. ದುರಸ್ತಿ ಕೈಪಿಡಿಯೊಂದನ್ನು ಅವರು ಹಿಂದೆಯೇ ಕೊಂಡಿಟ್ಟಿದ್ದರು. ಎರಡು ರಾತ್ರಿ ಅದನ್ನು ಓದಿದೆ. ನಿವೃತ್ತ ಮೇಷ್ಟರಿಗೆ ವಿದೇಶದಲ್ಲಿ ಇದಕ್ಕಿಂತ ಒಳ್ಳೆಯ ಕಾಲಕ್ಷೇಪ ಯಾವುದಿದೆ?

ಆ ಕಾಲದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಡ್ಯಾಷ್‌ಬೋರ್ಡಿನ ಕೆಳಗೆ ಹನ್ನೆರಡು ಕಿಂಡಿಗಳ ಒಂದು ಕನೆಕ್ಟರ್ ಇರುತ್ತದೆ. ಮೇಲಿನ ಸಾಲಿನ ಬಲತುದಿಯ ಎರಡು ಕಿಂಡಿಗಳನ್ನು ಒಂದು ಪೇಪರ್ ಕ್ಲಿಪ್ಪಿನಿಂದ ಜೋಡಿಸಿ, ಎಂಜಿನ್ ಶುರುಮಾಡದೆ ಕೀಲಿಯನ್ನಷ್ಟೇ ತಿರುಗಿಸಬೇಕು. ಆಗ ಹಳದಿ ದೀಪ ಮಿನುಗುತ್ತದೆ. ಒಂದು ಮಿನುಗು, ಸ್ವಲ್ಪ ವಿರಾಮ, ಎರಡು ಮಿನುಗು: ಇದು 12. ಹೀಗೆ ಮೂರು ಸಲ. ಎಂಜಿನ್ ತಿರುಗುತ್ತಿಲ್ಲ, ನಾನು ಎಚ್ಚರವಾಗಿದ್ದೇನೆ ಎಂಬುದಷ್ಟೇ ಅದರರ್ಥ. ತರಗತಿಯಲ್ಲಿ ಹಾಜರಿ ಕೂಗಿದಂತೆ. ಅನಂತರ ದೋಷಗಳ ಸಂಖ್ಯೆಗಳು, ಪ್ರತಿಯೊಂದೂ ಮೂರು ಸಲ. (ಇದು ಆ ಹಳೆಯ ಕನೆಕ್ಟರಿಗೆ ಮಾತ್ರ. ಈಗಿನ ಕಾರುಗಳ ಕಿಂಡಿಗೆ ಯಾರೂ ಕ್ಲಿಪ್ ತೂರಿಸಬಾರದು, ಗಣಕವೇ ಸುಟ್ಟೀತು.) ನಾವು ಕಾರಿನಲ್ಲಿ ಕುಳಿತು ಎಣಿಸಿದೆವು. ಹನ್ನೆರಡರ ಬಳಿಕ ನಾಲ್ಕು ಮಿನುಗು, ವಿರಾಮ, ಮತ್ತೆ ನಾಲ್ಕು. 44.

ಕೈಪಿಡಿಯ ಪ್ರಕಾರ 44 ಎಂದರೆ ಹೊಗೆಯಲ್ಲಿ ಆಮ್ಲಜನಕ ಹೆಚ್ಚಾಗಿದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಗ್ಯಾರೇಜಿನವರೂ ಇದನ್ನೇ ಓದಿ ಸೆನ್ಸರಿನಿಂದ ಗಣಕದವರೆಗೆ ಪಟ್ಟಿ ಬರೆದಿದ್ದರು. ಆದರೆ ಕಾರಿನ ಹಿಂದೆ ನಿಂತರೆ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಪೆಟ್ರೋಲು ಕಡಿಮೆ ಎನ್ನುತ್ತದೆ ದೀಪ, ಹೆಚ್ಚು ಎನ್ನುತ್ತದೆ ಮೂಗು. ಇಬ್ಬರು ಸಾಕ್ಷಿಗಳೂ ಸುಳ್ಳು ಹೇಳುವವರಲ್ಲ. ಹಾಗಾದರೆ?

ಉತ್ತರ ಎಂಟನೆಯ ತರಗತಿಯ ದಹನಕ್ರಿಯೆಯ ಪಾಠದಲ್ಲಿತ್ತು. ಸೆನ್ಸರು ಪೆಟ್ರೋಲನ್ನು ಅಳೆಯುವುದೇ ಇಲ್ಲ. ಅದು ಬಲ್ಲದ್ದು ಆಮ್ಲಜನಕವನ್ನು ಮಾತ್ರ. ಎಂಟು ಸಿಲಿಂಡರುಗಳಲ್ಲಿ ಒಂದರಲ್ಲಿ ಕಿಡಿ ಹಾರದಿದ್ದರೆ ಅಲ್ಲಿನ ಪೆಟ್ರೋಲೂ ಉರಿಯದು, ಆಮ್ಲಜನಕವೂ ಖರ್ಚಾಗದು. ಎರಡೂ ಇದ್ದಂತೆಯೇ ಹೊಗೆಕೊಳವೆಗೆ ಬರುತ್ತವೆ. ಸೆನ್ಸರು ಆಮ್ಲಜನಕವನ್ನು ಕಂಡು ‘ಗಾಳಿ ಹೆಚ್ಚಾಗಿದೆ’ ಎಂದು ವರದಿ ಮಾಡುತ್ತದೆ. ಗಣಕ ಅದನ್ನು ನಂಬಿ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಕಿಡಿಯಿಲ್ಲದ ಸಿಲಿಂಡರಿಗೆ ಎಷ್ಟು ಸುರಿದರೇನು?

ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಏಳು ಮಬ್ಬು ಕಂದು ಬಣ್ಣದವು, ಎಂಟನೆಯದು ಕಪ್ಪಾಗಿ ಒದ್ದೆಯಾಗಿತ್ತು. ಮತ್ತೆ ಜೋಡಿಸಿ, ಅಂದು ರಾತ್ರಿ ಮನೆಯ ಮುಂದಿನ ದೀಪಗಳನ್ನೆಲ್ಲ ಆರಿಸಿ, ಆ ಕಾರಿನ ವಿಶಾಲವಾದ ಬಾನೆಟ್ಟನ್ನು ಎತ್ತಿ (ರೆಕ್ಕೆಗಳ ಸಮೇತ ಮುಂಭಾಗವೆಲ್ಲ ಒಟ್ಟಿಗೇ ಏಳುತ್ತದೆ), ಎಂಜಿನ್ ಚಾಲನೆ ಮಾಡಿದೆವು. ಕತ್ತಲೆಯಲ್ಲಿ ಒಂದು ಕಡೆ ಟಿಕ್ ಟಿಕ್ ಎಂದು ಸಣ್ಣ ನೀಲಿ ಕಿಡಿ ನೆಗೆಯುತ್ತಿತ್ತು. ಆ ಸಿಲಿಂಡರಿನ ಪ್ಲಗ್ ವೈರು ಬಿಸಿ ಕೊಳವೆಗೆ ತಾಗಿ, ಹೊದಿಕೆ ಸುಟ್ಟು, ಕಿಡಿಯು ಒಳಗೆ ಹೋಗುವ ಬದಲು ಹೊರಗೇ ಹಾರಿಹೋಗುತ್ತಿತ್ತು. ಹೊಸ ವೈರುಗಳು, ಎಂಟು ಪ್ಲಗ್ಗುಗಳು, ಅಷ್ಟೇ ಖರ್ಚು. ಗಣಕದ ನೆನಪನ್ನು ಅಳಿಸಲು ಬ್ಯಾಟರಿಯ ತಂತಿಯನ್ನು ಸ್ವಲ್ಪ ಹೊತ್ತು ಬಿಚ್ಚಿ ಜೋಡಿಸಿದರು. ದೀಪ ಮತ್ತೆ ಹೊತ್ತಲಿಲ್ಲ. ಪರೀಕ್ಷೆಯಲ್ಲಿ ಕಾರು ತೇರ್ಗಡೆಯಾಯಿತು.

ಗ್ಯಾರೇಜಿನವರನ್ನು ದೂರಿ ಏನೂ ಪ್ರಯೋಜನವಿಲ್ಲ. ದೀಪದ ಸಂಖ್ಯೆಯನ್ನು ತೀರ್ಪು ಎಂದು ಓದುವ ಅಭ್ಯಾಸ ಎಲ್ಲ ಊರುಗಳಲ್ಲಿಯೂ ಇದೆ. ಆ ಸಂಖ್ಯೆ ಹೇಳುವುದು ಒಂದು ತಂತಿಯಲ್ಲಿನ ವೋಲ್ಟೇಜಿನ ವಿಷಯವನ್ನು ಮಾತ್ರ. ಇನ್ನೊಂದು ಉದಾಹರಣೆ ಕೊಡುತ್ತೇನೆ. ಅದೇ ಕಾರುಗಳಲ್ಲಿ 15 ಎಂದರೆ ನೀರಿನ ಉಷ್ಣತೆಯ ಸೆನ್ಸರು ವಿಪರೀತ ಚಳಿಯನ್ನು ವರದಿ ಮಾಡುತ್ತಿದೆ ಎಂದರ್ಥ. ಆ ಸೆನ್ಸರಿನ ತಂತಿ ಕಳಚಿಕೊಂಡಿದ್ದರೆ ವಿದ್ಯುತ್ತಿಗೆ ಅನಂತ ತಡೆ ಒದಗಿ, ಎಂಜಿನ್ −40 ಡಿಗ್ರಿಯಲ್ಲಿದೆಯೆಂದು ಗಣಕ ಭಾವಿಸುತ್ತದೆ. (ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳುವವರಿಗೆ: −40ರಲ್ಲಿ ಎರಡೂ ಒಂದೇ. ಪರೀಕ್ಷೆಯಲ್ಲಿ ನಾನು ಇದನ್ನು ಕೇಳುತ್ತಿದ್ದೆ.) ಸೆನ್ಸರನ್ನು ಬದಲಿಸುವ ಮುನ್ನ ಅದರ ಕನೆಕ್ಟರನ್ನು ಒತ್ತಿ ನೋಡುವುದು ಒಳ್ಳೆಯದು. ಸಂಬಂಧವಿಲ್ಲದ ಹಲವು ಸಂಖ್ಯೆಗಳು ಒಟ್ಟಿಗೆ ಬಂದರೆ ಮೊದಲು ನೋಡಬೇಕಾದದ್ದು ಅರ್ಥ್ ತಂತಿಗಳನ್ನು. ಕಾರ್ವೆಟ್‌ನ ಹೊರಮೈ ಲೋಹದ್ದಲ್ಲ, ಗಾಜಿನ ನಾರಿನದು; ಅದರ ಮೂಲಕ ವಿದ್ಯುತ್ತು ಹರಿಯದು. ಆದ್ದರಿಂದ ಬೇರೆ ಕಾರುಗಳಲ್ಲಿ ಮೈಯ ತಗಡೇ ಮಾಡುವ ಕೆಲಸವನ್ನು ಇಲ್ಲಿ ತಂತಿಗಳು ಮಾಡಬೇಕು. ಮೂವತ್ತು ವರ್ಷದ ಕಿಲುಬು ಅಲ್ಲಿ ಕೂಡಿಕೊಂಡಿರುತ್ತದೆ.

ಪೇಪರ್ ಕ್ಲಿಪ್ಪಿನ ಕಾಲದಲ್ಲಿ ಒಂದು ದೊಡ್ಡ ತೊಡಕಿತ್ತು. ಜನರಲ್ ಮೋಟಾರ್ಸ್‌ನ ಭಾಷೆ ಒಂದು, ಟೊಯೋಟದ್ದು ಇನ್ನೊಂದು, ಮಾಜ್ದಾದ್ದು ಮತ್ತೊಂದು. ಮಾಜ್ದಾದ ಎಂಎಕ್ಸ್-5 ಎಂಬ ಪುಟ್ಟ ಕ್ರೀಡಾ ಕಾರು 1989ರಲ್ಲಿ ಬಂದಾಗ ಅದರಲ್ಲಿಯೂ ಬಾನೆಟ್ಟಿನ ಕೆಳಗೆ ಎರಡು ಕಿಂಡಿ ಜೋಡಿಸಿ ಮಿನುಗು ಎಣಿಸುವ ವ್ಯವಸ್ಥೆಯಿತ್ತು, ಆದರೆ ಸಂಖ್ಯೆಗಳೂ ಅರ್ಥಗಳೂ ಬೇರೆ. ಕೀಲಿಕೈ ಕಂಪನಿಗಳ ಬಳಿ. ಬೀದಿಬದಿಯ ಗ್ಯಾರೇಜಿನವನು ಏನು ಮಾಡಬೇಕು?

ಕ್ಯಾಲಿಫೋರ್ನಿಯದ ಮಂಡಳಿಯು 1988ರ ಮಾದರಿಯಿಂದ ಪ್ರತಿ ಕಾರಿನಲ್ಲಿಯೂ ಸ್ವಯಂತಪಾಸಣೆಯೂ ಹಳದಿ ದೀಪವೂ ಇರಲೇಬೇಕೆಂದು ವಿಧಿಸಿತು. ಅದಕ್ಕೆ ಓಬಿಡಿ ಎಂದು ಹೆಸರು. ಬಳಿಕ ಬಂದ ಎರಡನೆಯ ಓಬಿಡಿ 1994ರಿಂದ ಹಂತಹಂತವಾಗಿ ಜಾರಿಗೆ ಬಂದು, 1996ರ ಮಾದರಿಯಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು. ಎಲ್ಲ ಕಂಪನಿಗಳಿಗೂ ಒಂದೇ ಆಕಾರದ ಹದಿನಾರು ಪಿನ್ನಿನ ಕನೆಕ್ಟರು, ಒಂದೇ ಸಂಖ್ಯಾಭಾಷೆ. ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಕ್ರ್ಯಾಂಕ್ ದಂಡದ ವೇಗ ಆ ಕ್ಷಣದಲ್ಲಿ ಕೊಂಚ ಕುಂದುವುದನ್ನು ಅಳೆದು ಗಣಕವೇ ತಿಳಿಯುತ್ತದೆ. ಅಳಿಯಂದಿರ ಕಾರಿನಲ್ಲಿ ನಾವು ಕತ್ತಲೆಯಲ್ಲಿ ಹುಡುಕಿದ್ದನ್ನು ಹೊಸ ಕಾರು ತಾನಾಗಿಯೇ, ಸಿಲಿಂಡರಿನ ಸಂಖ್ಯೆಯ ಸಮೇತ ಹೇಳಬಲ್ಲದು. ದೀಪ ಸುಮ್ಮನೆ ಉರಿದರೆ ಶೀಘ್ರದಲ್ಲಿ ತೋರಿಸಿ ಎಂದರ್ಥ. ಮಿನುಗತೊಡಗಿದರೆ ಉರಿಯದ ಪೆಟ್ರೋಲು ವೇಗವರ್ಧಕ ಪೆಟ್ಟಿಗೆಯನ್ನು ಸುಡುತ್ತಿದೆ, ವೇಗ ತಗ್ಗಿಸಿ ಎಂದರ್ಥ. ಪೆಟ್ರೋಲು ಟ್ಯಾಂಕಿನ ಮುಚ್ಚಳ ಸಡಿಲವಾಗಿ ಆವಿ ಹೊರಹೋದರೂ ದೀಪ ಹೊತ್ತುತ್ತದೆ. ಎಂಜಿನ್ನಿಗೆ ಅದರಿಂದ ಏನೂ ಆಗದು. ಹಾಗೆನ್-ಸ್ಮಿಟ್‌ರ ಓಜೋನಿಗೆ ಮಾತ್ರ ಅದು ಆಹಾರ. ಬೇರಿಂಗ್ ಸವೆದಾಗ ಅದೇ ದೀಪ ಸುಮ್ಮನಿರುವುದೇಕೆಂದು ಈಗ ತಿಳಿಯಿತಲ್ಲವೇ?

ಈ ಎರಡನೆಯ ಓಬಿಡಿಯ ಹಿಂದೆ ನನಗೆ ಬಹಳ ಮೆಚ್ಚುಗೆಯಾದ ಒಂದು ವಿಧಿಯಿದೆ. 1990ರ ನವೆಂಬರಿನಲ್ಲಿ ತಿದ್ದುಪಡಿಯಾದ ಶುದ್ಧ ವಾಯು ಕಾಯಿದೆಯು, ಹೊಗೆಗೆ ಸಂಬಂಧಿಸಿದ ತಪಾಸಣೆಯ ಮಾಹಿತಿಯನ್ನು ಕಂಪನಿಗಳು ತಮ್ಮ ಅಧಿಕೃತ ಅಂಗಡಿಗಳಿಗೆ ಮಾತ್ರವಲ್ಲದೆ ದುರಸ್ತಿ ಮಾಡುವ ಯಾರಿಗೇ ಆಗಲಿ ಒದಗಿಸಬೇಕೆಂದು ಹೇಳಿತು. ಕಾರಣ ಸರಳ. ದೀಪವು ಸಾರ್ವಜನಿಕರ ಗಾಳಿಗಾಗಿ ಇರುವುದಾದರೆ ಅದನ್ನು ಓದುವ ವಿದ್ಯೆ ಖಾಸಗಿ ಗುಟ್ಟಾಗಿರುವಂತಿಲ್ಲ. ಇದನ್ನು ಇಡೀ ಕಾರಿಗೆ ವಿಸ್ತರಿಸುವ ಕಾನೂನಿಗಾಗಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಭಾರಿ ಬಹುಮತ ನೀಡಿದರು. ಕಾರುಗಳು ನಿಸ್ತಂತುವಾಗಿ ಕಂಪನಿಗೆ ಕಳುಹಿಸುವ ಮಾಹಿತಿಯೂ ಇದರೊಳಗೆ ಬರಬೇಕೆಂದು 2020ರಲ್ಲಿ ಮತ್ತೆ ಮತ ಹಾಕಿದರು.

ಆ ದೀಪದ ಬಾಯಿ ಕಟ್ಟುವವರೂ ಇದ್ದರು. ಕೆಲವರು ಹಳೆಯ ಕಾರು ಮಾರುವಾಗ ಬಲ್ಬನ್ನೇ ಕಿತ್ತುಬಿಡುತ್ತಾರೆ. ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿದಾಗ ಹಳದಿ ದೀಪ ಒಮ್ಮೆ ಹೊತ್ತಿ ಆರುತ್ತದೆಯೇ ಎಂದು ಮೊದಲು ನೋಡಿ, ಹೊತ್ತದಿದ್ದರೆ ಸಂಶಯಪಡಿ. ಇದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಫೋಕ್ಸ್‌ವ್ಯಾಗನ್. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಶುದ್ಧವಾಗಿದ್ದು, ರಸ್ತೆಯಲ್ಲಿ ಮಿತಿಯನ್ನು ಅನೇಕ ಪಟ್ಟು ಮೀರುವ ತಂತ್ರಾಂಶವನ್ನು ಅದು ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟಿತ್ತು. ದೀಪ ಹೊತ್ತಲೇ ಇಲ್ಲ. ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದವರು ಕಾರಿನೊಳಗೆ ಉಪಕರಣವಿಟ್ಟು ರಸ್ತೆಯಲ್ಲೇ ಓಡಿಸಿ ಅಳೆದಾಗ ಗುಟ್ಟು ಹೊರಬೀಳತೊಡಗಿತು. 2015ರ ಸೆಪ್ಟೆಂಬರಿನಲ್ಲಿ ಜಗತ್ತಿಗೆಲ್ಲ ತಿಳಿಯಿತು. ಪ್ರಪಂಚದಾದ್ಯಂತ ಇಂತಹ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಮುಂದಿನ ಪರೀಕ್ಷೆಗಳನ್ನು ನಡೆಸಿ ಕಂಪನಿಯನ್ನು ಬಿಡದೆ ಪ್ರಶ್ನಿಸಿದವರಲ್ಲಿ ಕ್ಯಾಲಿಫೋರ್ನಿಯದ ಮಂಡಳಿಯೇ ಪ್ರಮುಖ. ಎಲ್ ಮಾಂಟೆಯಲ್ಲಿದ್ದ ಅದರ ಪ್ರಯೋಗಾಲಯದ ಹೆಸರು ಹಾಗೆನ್-ಸ್ಮಿಟ್ ಪ್ರಯೋಗಾಲಯ.

ನಮ್ಮ ದೇಶಕ್ಕೆ ವೇಗವರ್ಧಕ ಪೆಟ್ಟಿಗೆ 1995ರ ಏಪ್ರಿಲ್‌ನಲ್ಲಿ, ಮೊದಲು ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಬಂತು. 2010ರ ಏಪ್ರಿಲ್ 1ರಿಂದ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಬಿಎಸ್-4 ನಿಯಮ ಜಾರಿಯಾದಾಗ ಅದರೊಂದಿಗೆ ಓಬಿಡಿಯ ಹಳದಿ ದೀಪವೂ ನಿಯಮವಾಗಿ ಬಂದಿತು. 2020ರಲ್ಲಿ ಬಿಎಸ್-6 ಬಂದಾಗ ಸ್ಕೂಟರು ಮೋಟಾರ್ ಸೈಕಲ್ಲುಗಳಿಗೂ ಅದು ಹಬ್ಬಿತು. ಹೀಗಾಗಿ ನಮ್ಮ ಊರಿನಂತಹ ತಾಲ್ಲೂಕು ಕೇಂದ್ರದಲ್ಲಿಯೂ ಈಗ ದಿನಕ್ಕೆ ಒಬ್ಬಿಬ್ಬರಾದರೂ ‘ಸ್ಕೂಟರಿನ ಹಳದಿ ದೀಪ ಆರ್ತಾ ಇಲ್ಲ’ ಎಂದು ಗ್ಯಾರೇಜಿಗೆ ಬರುತ್ತಾರೆ.

ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟುಕೊಂಡಿರುವಾತ ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬರೆದರೆ ಅವನಿಗೆ ಮುಜುಗರವಾದೀತು. ಅವನ ಸಹಪಾಠಿಗಳು ಊಹಿಸಿಯಾರು. ಕೊನೆಯ ಬೆಂಚಿನವನು, ಇಂಗ್ಲಿಷ್ ಎಂದರೆ ಬೆವರುತ್ತಿದ್ದವನು. ಸಂಖ್ಯೆ ಓದುವ ಅಗ್ಗದ ಉಪಕರಣವೊಂದನ್ನು ಅವನು ತರಿಸಿಕೊಂಡಿದ್ದಾನೆ. ಬಂದ ಸಂಖ್ಯೆಗಳನ್ನೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು, ಪಕ್ಕದಲ್ಲಿ ತನ್ನದೇ ಕನ್ನಡದಲ್ಲಿ ಅರ್ಥವನ್ನೂ, ಹಿಂದೆ ಅಂಥದ್ದು ಬಂದಾಗ ನಿಜವಾಗಿ ಸಿಕ್ಕಿದ ದೋಷವನ್ನೂ ದಾಖಲಿಸುತ್ತಾನೆ. ಹೋದ ತಿಂಗಳು ನಾನು ಹೋದಾಗ ಅಲ್ಲಿ ನಲವತ್ತಕ್ಕೂ ಹೆಚ್ಚು ಸಾಲುಗಳಿದ್ದವು. ‘ಪಿ0171’ ಎಂಬುದರ ಮುಂದೆ ಹೀಗೆ ಬರೆದಿತ್ತು: “ಗಾಳಿ ಜಾಸ್ತಿ ಅಂತದೆ. ಸೆನ್ಸರ್ ಮುಟ್ಬೇಡ. ಮೊದ್ಲು ರಬ್ಬರ್ ಪೈಪು ನೋಡು.”